ಸಿಆರ್‌ಪಿ ಇಳಿದಿತ್ತು

ಕಳೆದ ವಾರ ಬಸುರಿ ತಂಗಿಯ ಕುಬಸದ ಕಾರ್ಯಕ್ಕೆಂದು ತಂದ ಇಳಕಲ್ ಸೀರೆಯ ಮಡಿಕೆ ಬಿಚ್ಚಿದೆ. ಹೊಸ ಗಂಜಿಯ ವಾಸನೆ ಬಂತು. ಪಕ್ಕದ ಮನೆಯ ಕಾಕಾ ನೆನಪಾದರು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಎಲ್ಲರೂ ಪಾವರ್‌ಲೂಮ್ ಹಾಕಿಸಿದರೂ ಅವರು ಕೈಮಗ್ಗ ಬಿಡಲಿಲ್ಲ. ‘ಅದರ ಸಪ್ಪಳದಾಗ ಮಾತಾಡಾಕ ಆಗೂದಿಲ್ಲ’ ಎನ್ನುತ್ತಿದ್ದರು. ಅವರಿಗೆ ಮಾತು ಬೇಕು. ಸಾಲೆ ಬಿಟ್ಟೊಡನೆ ನಾನು ಹೋಗಿ ಮಗ್ಗದ ಪಕ್ಕ ಕೂತರೆ, ನೇಯುತ್ತಲೇ ಊರ ಸುದ್ದಿಯೆಲ್ಲ ಹೇಳುತ್ತಿದ್ದರು...

ನಾನು ಬಾಗಲಕೋಟೆಯ ಆಸ್ಪತ್ರೆಯೊಂದರ ಲ್ಯಾಬಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಒಂದು ಚಳಿಗಾಲ ಕಾಕಾನನ್ನು ಅಲ್ಲಿಗೇ ಕರೆತಂದರು. ನ್ಯುಮೋನಿಯಾ. ಮರುದಿನವೇ ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರ್ ಹಾಕಿದರು.

ಬೆಳಿಗ್ಗೆ ಅವರ ರಕ್ತ ನನ್ನ ಮೇಜಿಗೆ ಬರುತ್ತಿತ್ತು. ಸಿಆರ್‌ಪಿ ನೋಡಬೇಕು. ಅದೊಂದು ಪ್ರೋಟೀನು; ಸೋಂಕಿನಿಂದ ಉರಿಯೂತ ಹೆಚ್ಚಿದರೆ ರಕ್ತದಲ್ಲಿ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಕಾಕಾನ ಹೆಂಡತಿ, ನಾವು ಕಾಕು ಎನ್ನುವವರು, ಲ್ಯಾಬಿನ ಕಿಟಕಿಗೆ ಬಂದು ನಿಲ್ಲುತ್ತಿದ್ದರು.

‘ಇವತ್ತ ಎಷ್ಟ ಬಂತವ್ವಾ?’

ಮೊದಲು ತುಂಬ ಇತ್ತು, ಆಮೇಲೆ ಇಳಿಯಿತು. ಒಂದು ದಿನ ಜ್ವರವಿಲ್ಲದಿದ್ದರೂ ಮತ್ತೆ ಏರಿತು. ಡಾಕ್ಟರು ಕಫ ಪರೀಕ್ಷೆ ಮಾಡಿಸಿದರು. ವೆಂಟಿಲೇಟರಿನಲ್ಲಿರುವಾಗಲೇ ಹೊಸ ಸೋಂಕು ಹತ್ತಿತ್ತು. ಔಷಧ ಬದಲಿಸಿದ ಮೇಲೆ ದಿನದಿನಕ್ಕೆ ಕಡಿಮೆಯಾಯಿತು.

‘ಇಳದೈತ್ರಿ ಕಾಕು’ ಎಂದೆ. ಅವರು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು. ಹುನಗುಂದದ ಮಗಳಿಗೆ ಫೋನು ಮಾಡಿದರು. ನಾನೂ ಹಿಗ್ಗಿದ್ದೆ. ಡಾಕ್ಟರು ಮಾತ್ರ, ‘ಸೋಂಕು ಕಡಿಮಿ ಆಗೈತಿ. ಆದ್ರ ಶ್ವಾಸಕೋಶ ಭಾಳ ಸೋತಾವ, ಹೃದಯಾನೂ ದಣದೈತಿ’ ಎಂದರು.

ಮಂಪರಿನ ಔಷಧ ಕಡಿಮೆ ಮಾಡಿದ ದಿನ ನೋಡಲು ಹೋದೆ. ಕಾಕಾ ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು. ನಳಿಕೆಯ ಸುತ್ತ ತುಟಿ ಅಲ್ಲಾಡಿತು. ಏನೋ ಹೇಳಬೇಕಿತ್ತು. ಬಗ್ಗಿ ನೋಡಿದೆ, ತಿಳಿಯಲಿಲ್ಲ. ‘ನಳಕಿ ತಗದ ಮ್ಯಾಲ ಹೇಳೀರಂತ ಬಿಡ್ರಿ ಕಾಕಾ’ ಎಂದೆ.

ಯಂತ್ರ ಬಿಡಿಸಲು ಮತ್ತೆ ಮತ್ತೆ ನೋಡಿದರು. ಸ್ವಂತ ಉಸಿರು ಸಾಲಲಿಲ್ಲ. ಒಂದು ಮಧ್ಯಾಹ್ನ ಹೃದಯ ನಿಂತಿತು. ಅಂದು ಬೆಳಗಿನ ಸಿಆರ್‌ಪಿ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಕಾಕು ಕಿಟಕಿಗೆ ಬಂದರು.

‘ಇಳದಿತ್ತಲ್ಲವ್ವಾ... ಮತ್ಯಾಕ ಹ್ವಾದ್ರು?’

ಹೊರಗೆ ಬಂದು ಅವರ ಕೈ ಹಿಡಿದೆ. ‘ಸೋಂಕು ಹೋಗಿತ್ರಿ ಕಾಕು. ಉಸಿರಾಡಾಕ ಶಕ್ತಿ ಉಳದಿರ್ಲಿಲ್ಲ.’ ಅವರು ತಲೆಯಾಡಿಸಿದರು. ಆಮೇಲೆ ಯಾವತ್ತೂ ಅದರ ಬಗ್ಗೆ ಕೇಳಲಿಲ್ಲ.

ಈಗಲೂ ಅದೇ ಲ್ಯಾಬಿನಲ್ಲಿದ್ದೇನೆ. ರೋಗಿಯ ಮನೆಯವರು ಬಂದು ‘ಇಳದೈತಂದ್ರ ಉಳೀತಾರಲ್ರೀ?’ ಎಂದು ಕೇಳುತ್ತಾರೆ. ‘ಇದು ಸೋಂಕಿನ ಲೆಕ್ಕ ಅಷ್ಟರಿ, ಉಳಿದದ್ದು ಡಾಕ್ಟರನ್ನ ಕೇಳ್ರಿ’ ಎನ್ನುತ್ತೇನೆ.

ನನಗೆ ಕೆಲಸ ಸಿಕ್ಕ ದಿನದಿಂದ ಕಾಕಾ ನನ್ನನ್ನು ‘ಡಾಕ್ಟರವ್ವಾ’ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ನಾನು ಡಾಕ್ಟರಲ್ಲ, ಲ್ಯಾಬಿನವಳು ಎಂದರೆ ಒಪ್ಪುತ್ತಿರಲಿಲ್ಲ. ಈಗ ಊರಿಗೆ ಹೋದರೆ ಎಲ್ಲರೂ ನನ್ನ ಹೆಸರು ಹಿಡಿದೇ ಕರೆಯುತ್ತಾರೆ.