ಬಿಳಿ ಹೆಲ್ಮೆಟ್ಟಿನ ಆತುರ

ಕಪೆಂಬ್ವಾನಿಗೆ ಇದ್ದದ್ದು ಒಂದೇ ಆಸೆ, ಬಿಳಿ ಹೆಲ್ಮೆಟ್ಟು. ಕಿಟ್ವೆ ಪಟ್ಟಣದಾಚೆಯ ಆ ತಾಮ್ರದ ಗಣಿಯಲ್ಲಿ ಬಂಡೆ ಕೊರೆಯುವವರಿಗೆ ಹಳದಿ, ಮೇಸ್ತ್ರಿಗಳಿಗೆ ಬಿಳಿ. ಹತ್ತೊಂಬತ್ತು ವರ್ಷ ಕೊರೆದು, ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದು, ನಾಲ್ಕನೆಯ ಸಲ ಪಾಸಾದ. ಬರುವ ತಿಂಗಳಿನಿಂದ ಮೇಸ್ತ್ರಿ ಎಂದು ಕಾಗದ ಬಂತು. ಮೇಸ್ತ್ರಿಗಳ ಬೀದಿಯಲ್ಲಿ ಮನೆಯೂ ಗೊತ್ತಾಯಿತು. ಸುಣ್ಣ ಬಳಿಯುವುದೊಂದೇ ಬಾಕಿ.

ಅಷ್ಟು ದಿನ ತಡೆಯಬಾರದಿತ್ತೇ ಈ ಮನುಷ್ಯ! ಮೇಸ್ತ್ರಿಯಾದವನು ಕೂಲಿಯವರ ಸಾಲಿನಲ್ಲಿ ಇದ್ದರೆ ಮರ್ಯಾದೆಯೇ ಎಂದು ಹಟ ಹಿಡಿದ. ತಾನೇ ಕೆಲಸ ಕಲಿಸಿದ್ದ ಚಿಸೆಂಗಾನ ಹೆಸರಿಗೆ, ಗಣಿಯವರು ಕೊಟ್ಟಿದ್ದ ಹಳೆಯ ಮನೆ ಬರೆಸಿ, ಬೀಗದಕೈ ಕೊಟ್ಟುಬಿಟ್ಟ.

"ಮುತಾಲೆ ಅಪ್ಪಾ, ಕೂತ ಜಾಗ ಬಿಡಬೇಡಿ ಅಂದೆ," ಎಂದಳು, ಮಗುವಿನ ಹೆಸರು ಹಿಡಿದೇ ಗಂಡನನ್ನು ಕರೆಯುವ ಹೆಂಡತಿ ಕಸೊಂಡೆ. "ಕೂಸು ಹುಟ್ಟೋ ಮುಂಚೆ ಕುಲಾವಿ ಯಾಕೆ?"

"ನಿಂದೊಂದು ಗೋಳು! ಎರಡು ವಾರ ನಮ್ಮಣ್ಣನ ಮನೇಲಿದ್ರೆ ಯಾರ ಗಂಟು ಹೋಗುತ್ತೆ?"

ಎರಡನೆಯ ವಾರವೇ ಸರ್ಕಾರ ಗಣಿಯನ್ನು ಮಾರಿತು. ಗಣಿಯ ಮನೆಗಳೆಲ್ಲ ಆ ದಿನ ಯಾರು ವಾಸವಿದ್ದಾರೋ ಅವರಿಗೇ ಸ್ವಂತ ಎಂದು ಆದೇಶ. ಗುಮಾಸ್ತ ಮನೆಮನೆಗೆ ಬಂದು ಹೆಸರು ಬರೆದುಕೊಂಡ. ಸುದ್ದಿ ಕೇಳಿ ಕಪೆಂಬ್ವಾ ಮೇಸ್ತ್ರಿಗಳ ಬೀದಿಗೆ ಓಡಿದ. ಸುಣ್ಣ ಇನ್ನೂ ಹಸಿ, ಬಾಗಿಲಿಗೆ ಬೀಗ. ಹಳೆಯ ಮನೆಗೆ ಓಡಿದ. ಅಲ್ಲಿ ಚಿಸೆಂಗಾ ಹೆಂಡತಿಯೊಡನೆ ಜೋಳದ ಮುದ್ದೆ ಉಣ್ಣುತ್ತಿದ್ದ, ಗುಮಾಸ್ತ ಹೊಸ್ತಿಲಲ್ಲಿ ನಿಂತಿದ್ದ.

"ನೀವು ಯಾವ ಮನೇಲಿದೀರಿ?" ಎಂದ ಗುಮಾಸ್ತ.

"ಸದ್ಯಕ್ಕೆ... ಅಣ್ಣನ ಮನೇಲಿ."

"ಅಲ್ಲಿ ನಿಮ್ಮಣ್ಣನ ಹೆಸರು ಬರ್ಕೊಂಡಾಯ್ತಲ್ಲ!"

ತಿಂಗಳು ತುಂಬುವುದರೊಳಗೆ ಹೊಸ ಮಾಲೀಕರು ಬಡ್ತಿಗಳನ್ನೆಲ್ಲ ರದ್ದು ಮಾಡಿದರು. ಕೊರೆಯುವ ಕೆಲಸ ಗುತ್ತಿಗೆದಾರನ ಪಾಲಾಯಿತು, ಕಪೆಂಬ್ವಾ ಅವನ ದಿನಗೂಲಿಯಾದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಣೆಬರಹ ಎಂದು ಅಣ್ಣ ಸಮಾಧಾನ ಹೇಳಿದ. ಎಂಥ ಹಣೆಬರಹ! ಎರಡು ವಾರ ಸುಮ್ಮನಿದ್ದಿದ್ದರೆ ಮನೆಯಾದರೂ ಉಳಿಯುತ್ತಿತ್ತು.

ಈಗ ಅವನ ಸಂಸಾರ ಅದೇ ಹಳೆಯ ಮನೆಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದೆ. ಚಿಸೆಂಗಾ ಕೆಟ್ಟವನಲ್ಲ. ಕಂಡಾಗಲೆಲ್ಲ, "ಮೇಸ್ತ್ರಿಗಳೇ, ಊಟ ಆಯ್ತಾ?" ಎನ್ನುತ್ತಾನೆ. ಅಣಕವಲ್ಲ, ಗುರುವೆಂಬ ಗೌರವ. ಅದೇ ಕಪೆಂಬ್ವಾನ ಹೊಟ್ಟೆ ಉರಿಸುವುದು. ಕಸೊಂಡೆ ಮಾತ್ರ ಇವತ್ತಿನವರೆಗೂ "ನಾನಾಗ್ಲೇ ಹೇಳ್ಲಿಲ್ವಾ" ಎಂದಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದನೇನೋ.

ಮುತಾಲೆ ಹುಟ್ಟಿದ ವರ್ಷ ಕಪೆಂಬ್ವಾ ನೆಟ್ಟಿದ್ದ ಬೆಣ್ಣೆಹಣ್ಣಿನ ಮರ ಈಗ ಅಂಗಳ ತುಂಬ ಕಾಯಿ ಬಿಡುತ್ತದೆ. ಮೊನ್ನೆ ಚಿಸೆಂಗಾನ ಹೆಂಡತಿ ಬೋಗುಣಿ ತುಂಬ ಹಣ್ಣು ತಂದಿಟ್ಟಳು. ಕೊಟ್ಟವರಿಗೆ ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸುವುದು ಅಲ್ಲಿಯ ಪದ್ಧತಿ. ಕಪೆಂಬ್ವಾ ಕೈಯೊರೆಸಿಕೊಂಡು, ತನ್ನದೇ ಮರದ ಹಣ್ಣಿಗೆ, ತಲೆ ತಗ್ಗಿಸಿ ಚಪ್ಪಾಳೆ ತಟ್ಟಿದ.