ಎಂಟರಲ್ಲೊಂದು ಸುತ್ತು

ಕೋನಮ್ಮ ಎಂದರೆ ಪೇಟೆಯವರಿಗೆಲ್ಲ ಗೊತ್ತು. ಗಾಜಿನ ಲಾಟೀನು ಮಾಡುವವಳು. ಒಂದು ಮೂಲೆ ಒಂಚೂರು ಓರೆಯಾದರೂ ಅವತ್ತು ಊಟ ಸೇರದ ಹೆಂಗಸು. ಈ ಅಡ್ಡಹೆಸರು ಇಟ್ಟವಳು ಅಕ್ಕ, ಕೆಲಸ ಕಲಿಸಿದವಳೂ ಅಕ್ಕ. ಒಂದೇ ಮೇಜಿನ ಆಚೆ ಈಚೆ ಕೂತು ಇಬ್ಬರೂ ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿದ್ದರು.

ಹೊಸ ಗ್ರಂಥಾಲಯಕ್ಕೆ ನಲವತ್ತು ಲಾಟೀನು ಬೇಕು, ಮೊದಲು ಒಂದು ಮಾದರಿ ತೋರಿಸಿ ಎಂದು ಕರೆ ಬಂದಾಗ ಕೋನಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಥ ಕೆಲಸ ಜೀವಮಾನದಲ್ಲಿ ಒಂದು ಸಲ ಬಂದರೆ ಹೆಚ್ಚು. ಅವಳು ಆರಿಸಿಕೊಂಡ ಆಕಾರವಾದರೂ ಎಂಥದ್ದು ಅಂತೀರಿ! ಚೌಕ, ತ್ರಿಕೋನಗಳನ್ನು ಜೋಡಿಸಿದ ಎರಡು ಬಟ್ಟಲು, ಕೆಳಗಿನದು ಅಂಗಾತ, ಮೇಲಿನದು ಬೋರಲು. ನಡುವೆ ಎಂಟು ಚೌಕಗಳ ಪಟ್ಟಿ ಸೇರಿಸಿ ಉದ್ದ ಮಾಡಿದ್ದು. ಒಟ್ಟು ಹದಿನೆಂಟು ಚೌಕ, ಎಂಟು ತ್ರಿಕೋನ. ಮೇಲಿನ ಬಟ್ಟಲ ಚೌಕದ ಕೆಳಗೆ ನಡುವಿನ ಚೌಕ, ಅದರ ಕೆಳಗೆ ಕೆಳಬಟ್ಟಲ ಚೌಕ, ಹೀಗೆ ಸಾಲು ನೇರ ಇಳಿಯಬೇಕು. ಆದರೆ ಈ ಆಕಾರಕ್ಕೊಂದು ಕಳ್ಳಬುದ್ಧಿ ಇದೆ. ಮೇಲಿನ ಬಟ್ಟಲನ್ನು ಸುತ್ತಿನ ಎಂಟರಲ್ಲೊಂದು ಪಾಲು ತಿರುಗಿಸಿ ಕೂರಿಸಿದರೂ ಅಂಚಿಗೆ ಅಂಚು ಸೇರಿಬಿಡುತ್ತದೆ, ಕೂದಲೆಳೆಯಷ್ಟೂ ಸಂದಿ ಬಿಡುವುದಿಲ್ಲ. ಚೌಕದ ಸಾಲು ಮಾತ್ರ ನಡುವಿಗೆ ಬಂದು ನಿಂತು, ಕೆಳಗೆ ತ್ರಿಕೋನ ಎದುರಾಗುತ್ತದೆ. ಹೊಸಬರೆಲ್ಲ ಎಡವುವುದು ಇಲ್ಲೇ.

ಮೇಲಿನ ಬಟ್ಟಲು ಬೆಸೆಯುವುದೊಂದು ಬಾಕಿ ಇದ್ದಾಗ ಕೋನಮ್ಮ ಜ್ವರ ಬಂದು ಮಲಗಿದಳು. ನಾನಿಲ್ವಾ ಎಂದಳು ಅಕ್ಕ. ಅಕ್ಕನನ್ನಲ್ಲದೆ ಇನ್ಯಾರನ್ನು ನಂಬಬೇಕು? ಅವಳೇ ಮುಗಿಸಿ, ಹುಲ್ಲಿನಲ್ಲಿ ಸುತ್ತಿ, ಪೆಟ್ಟಿಗೆಗೆ ಮೊಳೆ ಹೊಡೆದು ಕಳಿಸಿಬಿಟ್ಟಳು.

ಜ್ವರ ಇಳಿದು ಕೋನಮ್ಮ ಗ್ರಂಥಾಲಯಕ್ಕೆ ಹೋದ ದಿನ, ಅಲ್ಲಿನ ಎಂಜಿನಿಯರ್ ಅದನ್ನು ಸರಪಳಿಗೆ ತೂಗುಹಾಕಿಸಿ, ಸುತ್ತ ಒಂದು ಸಲ ನಡೆದು, ನಿಮ್ಮ ನಕ್ಷೆಯನ್ನೇ ನೀವು ನೋಡಿಲ್ಲವಲ್ಲಮ್ಮ ಎಂದರು. ಕೋನಮ್ಮ ತಲೆಯೆತ್ತಿದಳು. ಚೌಕದ ಸಾಲಿನ ಕೆಳಗೆ ತ್ರಿಕೋನ. ಸರಿಮಾಡಿ ತರುತ್ತೇನೆ ಎಂದು ಅಂಗಲಾಚಿದಳು; ಗಡುವು ಅಂದಿಗೇ ಮುಗಿದಿತ್ತು, ಕೆಲಸ ಬೇರೆಯವರ ಪಾಲಾಯಿತು.

ಅಕ್ಕನ ಕೈ ತಪ್ಪಿರಬಹುದೇ? ತಪ್ಪಿದ್ದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಇದೇ ತಪ್ಪಿಗೆ ತಂಗಿಯ ಬೆರಳಿನ ಮೇಲೆ ಏಟು ಕೊಟ್ಟು ಕಲಿಸಿದವಳು ಅವಳು. ಮೋಸ ಹೋದ ಉರಿಯನ್ನು ನುಂಗಲಾರದೆ ನುಂಗುತ್ತ ಕೋನಮ್ಮ ಅಂಗಡಿಗೆ ಬಂದಳು.

"ಬೇಕಂತ್ಲೇ ತಿರುಗಿಸಿದ್ಯಾ?"

ಅಕ್ಕ ಕೈಯಲ್ಲಿದ್ದ ಕೆಲಸ ಕೆಳಗಿಟ್ಟಳು. ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ಮೆಚ್ಚಬೇಕು.

"ಹೂಂ. ಆ ಕೆಲಸ ಸಿಕ್ಕಿದ್ರೆ ನೀನು ಬೇರೆ ಅಂಗಡಿ ಹಾಕ್ತಿದ್ದೆ. ಆಮೇಲೆ ನನ್ನನ್ನ ಯಾರೂ ಮೂಸಿ ಕೂಡ ನೋಡ್ತಿರ್ಲಿಲ್ಲ."

ಈ ಕೆಲಸಕ್ಕೆಂದು ನಕ್ಷೆಯ ಜೊತೆ ತಾನು ಕೊಟ್ಟಿದ್ದ, ಗ್ರಂಥಾಲಯದವರು ವಾಪಸು ಮಾಡಿದ ಅರ್ಜಿಯನ್ನು ಕೋನಮ್ಮ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಕೆಲಸ ಮಾಡುವವರು ಎಂಬ ಕಡೆ ಅವಳ ಕೈಬರಹದಲ್ಲಿ ಎರಡು ಹೆಸರಿದ್ದವು. ಮೊದಲನೆಯದು ಅಕ್ಕನದು.

ಅಕ್ಕ ಓದಿ ಮುಗಿಸುವಷ್ಟರಲ್ಲಿ ಕೋನಮ್ಮ ತನ್ನ ಸಾಮಾನು ಕಟ್ಟಿಕೊಂಡು ಮೆಟ್ಟಿಲಿಳಿದಾಗಿತ್ತು. ಬೇರೆ ಅಂಗಡಿಯ ಯೋಚನೆ ಅವಳ ತಲೆಗೆ ಬಂದದ್ದು ಅವತ್ತೇ ಮೊದಲು.