ಉಲ್ಲಾಳದ ತೋಪಿನ ಕೆಂಪು ಬೆಳಕು

1957ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನ ಹೊರಗಿದ್ದ ಉಲ್ಲಾಳದ ಗುಂಡುತೋಪಿನ ಪಕ್ಕದ ಬಾವಿಯಲ್ಲಿ ನಮ್ಮ ನೆರೆಮನೆಯ ಡ್ರಾಯಿಂಗ್ ಮೇಷ್ಟ್ರ ಶವ ಸಿಕ್ಕಿತು. ಅವರ ಟಾರ್ಚು ಬಾವಿಯ ಒಳಗೋಡೆಯ ಚಪ್ಪಡಿಯೊಂದರ ಮೇಲೆ, ಗಾಜನ್ನು ಆಕಾಶದ ಕಡೆ ಮಾಡಿ ನಿಲ್ಲಿಸಿದಂತೆ ಇತ್ತು. ಸೆಲ್ಲುಗಳು ಪೂರ್ತಿ ಇಳಿದುಹೋಗಿದ್ದವು.

ಇದನ್ನು ಈಗ ಬರೆಯಲು ಕಾರಣ ಒಂದು ವಾಸನೆ. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರ ಮಗಳು, ಕಾಲೇಜಿನ ಗೆಳತಿಯರ ಜೊತೆ ಕಾಡುಪಾಪ ನೋಡಲು ಹೊರಟಿದ್ದಳು. ಮೆಟ್ಟಿಲ ಮೇಲೆ ಕೂತು ಟಾರ್ಚಿನ ಗಾಜಿಗೆ ಕೆಂಪು ನೇಲ್ ಪಾಲಿಶ್ ಹಚ್ಚುತ್ತಿದ್ದಳು. ಕೆಂಪು ಬೆಳಕಾದರೆ ಅವು ಹೆದರುವುದಿಲ್ಲವಂತೆ ತಾತ, ಎಂದಳು. ಗೊತ್ತು ಎಂದೆ. ಆ ಘಾಟು ಮೂಗಿಗೆ ಹೊಡೆಯಿತು. ಒಳಗೆ ಬಂದು ಕಾಗದ, ಪೆನ್ನು ಹುಡುಕಿದೆ...

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಪತ್ರಿಕೆಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಒಂದೇ ಗೋಡೆಯ ಆಚೆ ಮೇಷ್ಟ್ರು ಮತ್ತು ಅವರ ಹೆಂಡತಿ ಇದ್ದರು. ಹೈಸ್ಕೂಲಿನ ಮಕ್ಕಳಿಂದ ಹೂಜಿ, ಸೇಬು, ಬಾಳೆಹಣ್ಣು ಬರೆಸಿ ಬರೆಸಿ ಅವರಿಗೆ ಬೇಸರ ಬಂದಿತ್ತು. ಒಮ್ಮೆ ರಾತ್ರಿ ಸಂಬಂಧಿಕರ ಮನೆಯಿಂದ ಸೈಕಲ್ಲಿನಲ್ಲಿ ವಾಪಸು ಬರುವಾಗ ಉಲ್ಲಾಳದ ತೋಪಿನ ಹುಣಸೆಮರದಲ್ಲಿ ಕಾಡುಪಾಪ ಕಂಡಿತಂತೆ. ಅಂಗೈಯಲ್ಲಿ ಹಿಡಿಸುವಷ್ಟು ಮೈ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಆಮೇಲೆ ಬೇರೆ ಏನನ್ನು ಬರೆಯಲೂ ಅವರಿಗೆ ಮನಸ್ಸಾಗಲಿಲ್ಲ.

ತೊಂದರೆ ಏನೆಂದರೆ, ಅದರ ಮುಖವನ್ನು ಅವರಿಗೆ ಬರೆಯಲಾಗುತ್ತಿರಲಿಲ್ಲ. ಟಾರ್ಚು ಬಿಟ್ಟ ಕ್ಷಣ ಅದು ಮುಖ ತಿರುಗಿಸಿ ಎಲೆಗಳ ಮರೆಗೆ ಸರಿಯುತ್ತಿತ್ತು. ಹಾಳೆಯ ಮೇಲೆ ಹಾಳೆ, ಬರೀ ಬೆನ್ನು. ನಾನು ಕಾಫಿಗೆ ಹೋದಾಗಲೆಲ್ಲ ಅವರ ಹೆಂಡತಿ ಆ ಚಿತ್ರಗಳನ್ನು ತಂದು ಮುಂದಿಡುತ್ತಿದ್ದರು. "ನೋಡಿ, ನಮ್ಮನೆಯವರ ಕಾಡುಪಾಪಕ್ಕೆ ಮುಖಾನೇ ಇಲ್ಲ" ಎನ್ನುತ್ತಿದ್ದರು. ಮೇಷ್ಟ್ರು ನಗುತ್ತಿದ್ದರು, ಆದರೆ ಮಾತು ಬದಲಿಸುತ್ತಿದ್ದರು.

ಹೊಸ ಟಾರ್ಚು ಕೊಳ್ಳಲು ಚಿಕ್ಕಪೇಟೆಗೆ ಹೊರಟಾಗ ನನ್ನನ್ನೂ ಕರೆದೊಯ್ದರು. ಅಂಗಡಿಯವನು ಉದ್ದುದ್ದ ಟಾರ್ಚುಗಳನ್ನು ಸಾಲಾಗಿ ಇಟ್ಟು, ಇದರ ಬೆಳಕು ಬೀದಿ ಕೊನೆಯವರೆಗೆ ಹೋಗುತ್ತೆ, ಇದರದ್ದು ಕೆರೆಯ ಆಚೆ ದಡಕ್ಕೆ ಹೋಗುತ್ತೆ ಎಂದು ವಿವರಿಸಿದ. ಮೇಷ್ಟ್ರು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದರು. ಅವರು ಹುಡುಕುತ್ತಿದ್ದುದು ಟಕ್ ಎನ್ನದ ಗುಂಡಿಯನ್ನು. ಬೆಳಕು ಸೂಜಿಯಂತೆ ನೆಟ್ಟಗೆ ಹೋಗಬಾರದು, ಹರಡಬೇಕು, ಮಂದವಾಗಿದ್ದಷ್ಟೂ ಒಳ್ಳೆಯದು ಎಂದರು. ಅಂಗಡಿಯವನು ನನ್ನ ಮುಖ ನೋಡಿದ.

"ಬೆಳಕು ಕಮ್ಮಿ ಇರೋ ಟಾರ್ಚ್ ಕೊಡಿ ಅಂತ ಬಂದೋರು ನೀವೇ ಮೊದ್ಲು ಸಾರ್. ಸೆಲ್ ಹಾಕದೇನೇ ಕೊಡ್ಲಾ?"

ಕೊನೆಗೆ ಅವರು ಆರಿಸಿದ್ದು ಎರಡು ಸೆಲ್ಲಿನ ಒಂದು ಹಳೇ ಮಾದರಿಯ ಟಾರ್ಚು. ಬಣ್ಣದ ಪರೀಕ್ಷೆ ಮನೆಯಲ್ಲಿ, ಅವರ ಬೆಕ್ಕಿನ ಮೇಲೆ ನಡೆಯಿತು. ಮಿಠಾಯಿ ಡಬ್ಬಿಗೆ ಸುತ್ತುವ ಬಣ್ಣದ ಕಾಗದಗಳನ್ನು ಒಂದೊಂದಾಗಿ ಗಾಜಿಗೆ ಕಟ್ಟಿ, ದೀಪ ಆರಿಸಿ, ಬೆಕ್ಕಿನ ಕಡೆ ಬಿಟ್ಟರು. ನೀಲಿಗೆ ಎದ್ದು ಕುಳಿತಿತು. ಹಸಿರಿಗೆ ಕಣ್ಣು ಮುಚ್ಚಿತು. ಕೆಂಪಿಗೆ ಮಾತ್ರ ಏನೂ ಆಗಿಲ್ಲವೆಂಬಂತೆ ಪಂಜ ನೆಕ್ಕುತ್ತಾ ಕುಳಿತಿತ್ತು. ಅಲ್ಲಿಗೆ ತೀರ್ಮಾನವಾಯಿತು.

ಆದರೆ ಕಾಗದ ತೋಪಿನಲ್ಲಿ ಕೈಕೊಟ್ಟಿತು. ಕಾಡುಪಾಪ ಮೊದಲ ಸಲ ಅವರ ಕಡೆ ತಿರುಗುವ ಹೊತ್ತಿಗೆ ಕಾಗದ ಜಾರಿ, ಬಿಳಿ ಬೆಳಕು ಅದರ ಕಣ್ಣಿಗೇ ಹೊಡೆಯಿತಂತೆ. ಮಾರನೆಯ ದಿನ ಮೇಷ್ಟ್ರು ಉತ್ಸವದ ದೀಪದ ಬಲ್ಬುಗಳಿಗೆ ಬಣ್ಣ ಹಚ್ಚುವವರಿಂದ ಕೆಂಪು ಲ್ಯಾಕರ್ ತಂದು, ಗಾಜು ಬಿಚ್ಚಿ ಒಳಭಾಗಕ್ಕೇ ಬಳಿದರು. ಎರಡು ಮನೆಗೂ ಆ ಘಾಟು ಹರಡಿತ್ತು. ಕಾಗದವನ್ನೇ ಗಟ್ಟಿಯಾಗಿ ಕಟ್ಟಬಹುದಿತ್ತು, ಬೇಕಾದಾಗ ತೆಗೆಯಬಹುದಿತ್ತು ಎಂದು ಅವರ ಹೆಂಡತಿ ಅಂದರು.

"ತೆಗೀಬಹುದು ಅನ್ನೋದೇ ತೊಂದ್ರೆ ಕಣೇ. ಪೊದೆ ಅಲ್ಲಾಡಿದ್ರೆ ಸಾಕು, ಭಯಕ್ಕೆ ಕೈ ತಾನೇ ತೆಗೆದುಬಿಡುತ್ತೆ" ಎಂದರು ಮೇಷ್ಟ್ರು.

ತೋಪಿಗೆ ಅಂಟಿಕೊಂಡಂತೆ ಒಂದು ತೋಟವಿತ್ತು. ಅಲ್ಲಿ ಒಬ್ಬ ಅಜ್ಜಿ ತನ್ನ ಮಗನ ಸಂಸಾರದ ಜೊತೆ ಇದ್ದಳು. ಮೇಷ್ಟ್ರು ಪ್ರತಿ ಸಲ ಇಳಿಹೊತ್ತಿಗೇ ತಲುಪಿ, ಸೈಕಲ್ ಅವಳ ಜಗಲಿಗೆ ಒರಗಿಸಿ, ಒಂದು ಲೋಟ ಮಜ್ಜಿಗೆ ಕುಡಿದು ತೋಪಿಗೆ ಹೋಗುತ್ತಿದ್ದರು. ಪಟ್ಟಣದ ಮೇಷ್ಟ್ರಿಗೆ ಗಿಡಮರದ ಹುಚ್ಚು ಎಂದಷ್ಟೇ ಅವಳು ತಿಳಿದಿದ್ದಳು. ಟಾರ್ಚನ್ನು ಅವರು ಹೊತ್ತಿಸುತ್ತಿದ್ದುದು ತೋಪಿನ ಒಳಗೆ ಹೋದ ಮೇಲೆ.

ಕೆಲವೇ ವಾರಗಳಲ್ಲಿ ಊರಿನಲ್ಲಿ ಸುದ್ದಿ ಹಬ್ಬಿತು. ತೋಪಿನಲ್ಲಿ ಕೊಳ್ಳಿದೆವ್ವ ಬಂದಿದೆ. ಕೆಂಡದ ಬಣ್ಣದ ಬೆಳಕು ಮರದಿಂದ ಮರಕ್ಕೆ ಹೋಗುತ್ತೆ, ನಿಲ್ಲುತ್ತೆ, ಆರುತ್ತೆ. ಆ ಕಡೆಯ ಹಳ್ಳಿಗಳಲ್ಲಿ ಕೊಳ್ಳಿದೆವ್ವದ ಬಗ್ಗೆ ಎಲ್ಲರಿಗೂ ತಿಳಿದಿದ್ದ ನಿಯಮ ಒಂದೇ. ಅದು ಕಂಡರೆ ಬಾಗಿಲು ಹಾಕಿಕೊಳ್ಳಬೇಕು. ಅದು ಗೊತ್ತಿರುವವರ ದನಿಯಲ್ಲಿ ಕೂಗುತ್ತದೆ, ಓಗೊಡಬಾರದು. ಓಗೊಟ್ಟವರು ರಕ್ತ ಕಾರಿ ಸಾಯುತ್ತಾರೆ.

ಇದನ್ನು ಮೇಷ್ಟ್ರಿಗೆ ಹೇಳಿದ್ದು ಆ ಅಜ್ಜಿಯೇ. ಕತ್ತಲಾದ ಮೇಲೆ ನಿಲ್ಲಬೇಡಿ ಎಂದು ಎಚ್ಚರಿಸಿದಳಂತೆ. ಅವರು ಆ ಕಥೆಯನ್ನು ನಮಗೆ ಖುಷಿಯಿಂದ ಹೇಳಿದರು. ಕಾಡುಪಾಪ ಹಿಡಿದು ಮಾಟ ಮಾಡುವವರಿಗೆ ಮಾರುತ್ತಿದ್ದ ಜನ ಆಗ ಆ ತೋಪಿಗೆ ಬರುತ್ತಿದ್ದರು. ಕಡಿದು ಬಿದ್ದ ಕೊಂಬೆಗಳನ್ನು ಮೇಷ್ಟ್ರು ಎಷ್ಟೋ ಸಲ ನೋಡಿದ್ದರು. ಸುದ್ದಿ ಹಬ್ಬಿದ ಮೇಲೆ ಆ ಜನ ಬರುವುದು ನಿಂತಿತ್ತು.

ಅವರ ಹೆಂಡತಿ ನಗಲಿಲ್ಲ. "ಅದು ನಿಮ್ ಟಾರ್ಚು ಅಂತ ಆ ಅಜ್ಜಿಗಾದ್ರೂ ಹೇಳಿಬಿಡ್ರೀ."

"ಅಜ್ಜಿಗೆ ಹೇಳಿದ್ರೆ ಊರಿಗೇ ಹೇಳ್ದಂಗೆ. ನಾಳೇನೇ ಹಿಡಿಯೋರು ಬರ್ತಾರೆ. ಹೆದ್ರಿಕೊಂಡೇ ಇರ್ಲಿ ಬಿಡು, ತೋಪಿಗೆ ಬೇಲಿ ಹಾಕ್ದಂಗಾಯ್ತು."

ಆ ವಾರವೇ ಅವರು ಮೊದಲ ಸಲ ಮುಖ ಬರೆದು ತಂದರು. ಕಣ್ಣುಗಳು ನೇರವಾಗಿ ನೋಡುತ್ತಿದ್ದವು. ಕಿವಿಗಳನ್ನು ಮಾತ್ರ ಅರ್ಧಕ್ಕೆ ಬಿಟ್ಟಿದ್ದರು. ಇನ್ನೊಂದು ಸಲ ನೋಡಿದರೆ ಮುಗಿಯುತ್ತೆ ಎಂದರು...

ಅವರು ಕೊನೆಯ ಸಲ ಹೊರಟಿದ್ದು ಅಮಾವಾಸ್ಯೆಯ ಹಿಂದುಮುಂದಿನ ಒಂದು ದಿನ. ಸ್ಕೂಲಿನಲ್ಲಿ ಏನೋ ಕೆಲಸವಿದ್ದು ತಡವಾಗಿತ್ತು. ಅಜ್ಜಿಯ ಮನೆ ತಲುಪುವ ಹೊತ್ತಿಗೆ ಅಲ್ಲಿ ಬಾಗಿಲು ಹಾಕಿಯಾಗಿರಬೇಕು. ಸೈಕಲನ್ನು ಅವರು ತೋಪಿನ ಅಂಚಿನ ಮರಕ್ಕೆ ಒರಗಿಸಿದ್ದರು. ಅವರು ಬಂದಿದ್ದು ತೋಟದವರಿಗೆ ಗೊತ್ತಾಗಲಿಲ್ಲ.

ಬೆಳಿಗ್ಗೆ ಅವರ ಹೆಂಡತಿ ನಮ್ಮ ಬಾಗಿಲು ತಟ್ಟಿದರು. ಮೇಷ್ಟ್ರು ಬಂದಿಲ್ಲ ಎಂದಷ್ಟೇ ಅಂದರು. ನಾನು ಸೈಕಲ್ ಹತ್ತಿ ಮಾಗಡಿ ರಸ್ತೆ ಹಿಡಿದು ಹೊರಟೆ. ಉಲ್ಲಾಳ ತಲುಪಿದಾಗ ಬಿಸಿಲು ಚೆನ್ನಾಗಿಯೇ ಬಂದಿತ್ತು. ತೋಟದ ಮನೆಯ ಮುಂದೆ ಹತ್ತಾರು ಜನ ನಿಂತಿದ್ದರು. ಯಾರೂ ಜಗಲಿ ಬಿಟ್ಟು ಮುಂದೆ ಹೋಗಿರಲಿಲ್ಲ. ನಾನು ತೋಪಿನ ಕಡೆ ತಿರುಗಿದಾಗ ಅಜ್ಜಿಯ ಮಗ ಅಡ್ಡ ಬಂದ.

"ಆ ಕಡೆ ಹೋಗ್ಬೇಡಿ ಸಾಮಿ. ರಾತ್ರಿಯೆಲ್ಲ ಬಾವಿ ಮೇಲೆ ಕೊಳ್ಳಿದೆವ್ವ ನಿಂತಿತ್ತು. ಪೂಜಾರ್ರು ಬರ್ಲಿ."

ಬಾವಿಗೆ ಕಟ್ಟೆ ಇರಲಿಲ್ಲ. ಸುತ್ತ ಹುಲ್ಲು ಬೆಳೆದಿತ್ತು. ಮೇಲೆ ಮರ ನೋಡುತ್ತಾ ನಡೆಯುವವನಿಗೆ ಅದು ಕಾಣುವಂತಿರಲಿಲ್ಲ. ಶಬ್ದ ಏನಾದರೂ ಕೇಳಿತೇ ಎಂದು ಕೇಳಿದೆ.

"ಕೂಗ್ತಿತ್ತು. ಮೊದಮೊದ್ಲು ಜೋರಾಗಿ, ಆಮೇಲಾಮೇಲೆ ಸಣ್ಣಗೆ. ನಮ್ಮವ್ವನ್ನೇ 'ಅಜ್ಜೀ, ಅಜ್ಜೀ' ಅಂತ ಕರೀತಿತ್ತು."

ಅದು ಟಾರ್ಚಿನ ಬೆಳಕು ಎಂದು ನಾನು ಹೇಳಿದೆ. ಅವನು ನನ್ನನ್ನೇ ನೋಡಿದ. "ಟಾರ್ಚ್ ಬೆಳಕು ಬೆಳ್ಳಗಿರ್ತದೆ ಸಾಮಿ. ಬೆಳ್ಳಗಿದ್ದಿದ್ರೆ ನಾವು ಓಡ್ಹೋಗ್ತಿರ್ಲಿಲ್ವಾ?"

ನಾನು ಬಾವಿಯ ಹತ್ತಿರ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಅವನೂ ಬಂದ. ಚಪ್ಪಡಿಯ ಮೇಲೆ ಟಾರ್ಚು, ಒಂದು ಚಪ್ಪಲಿ, ಸ್ವಲ್ಪ ರಕ್ತ. ಮೇಷ್ಟ್ರು ಕೆಳಗೆ ನೀರಿನಲ್ಲಿದ್ದರು. ಮೇಲಕ್ಕೆ ತಂದಾಗ ಒಂದು ಕಾಲು ಮುರಿದಿದ್ದು ಕಂಡಿತು. ಚಪ್ಪಡಿಯಿಂದ ನೀರಿಗೆ ಅವರು ಯಾವಾಗ ಜಾರಿದರೋ ಯಾರಿಗೂ ತಿಳಿಯದು.

ಅಜ್ಜಿ ಜಗಲಿಯಿಂದ ಏಳಲಿಲ್ಲ. ಪೊಲೀಸಿನವರು ದನಿ ಗುರುತು ಸಿಗಲಿಲ್ಲವೇ ಎಂದು ಕೇಳಿದಾಗ ತಲೆ ಎತ್ತಿದಳು.

"ಗೊತ್ತಾಯ್ತು. ಮೇಷ್ಟ್ರ ದನೀನೇ. ಅದ್ಕೇ ಬಾಗ್ಲು ತೆಗೀಲಿಲ್ಲ."

ನಮ್ಮ ಪತ್ರಿಕೆಯಲ್ಲಿ ಒಳಪುಟದ ಚಿಕ್ಕ ಸುದ್ದಿಯಾಗಿ ಬಂತು. ಕಾಲು ಜಾರಿ ಬಾವಿಗೆ ಬಿದ್ದು ಶಿಕ್ಷಕರ ಸಾವು. ಬರೆದವನು ನಾನೇ. ಅದರಲ್ಲಿ ತಪ್ಪೇನೂ ಇರಲಿಲ್ಲ. ಬೆಳಕಿನ ಬಣ್ಣ ಬರೆಯಲು ಜಾಗವಿರಲಿಲ್ಲ. ಮೇಷ್ಟ್ರ ಹೆಂಡತಿ ಬೇಸಿಗೆ ಮುಗಿಯುವ ಮುಂಚೆ ಮನೆ ಖಾಲಿ ಮಾಡಿ ತಿಪಟೂರಿನ ಅಣ್ಣನ ಮನೆಗೆ ಹೋದರು. ಆಮೇಲೆ ಅವರ ವಿಷಯ ನನಗೆ ತಿಳಿಯಲಿಲ್ಲ...

ಹೋದ ತಿಂಗಳು ಉಲ್ಲಾಳಕ್ಕೆ ಹೋಗಿದ್ದೆ. ತೋಪು ಇಲ್ಲ. ತೋಟ ಲೇಔಟ್ ಆಗಿದೆ. ಬಾವಿಯನ್ನು ಮಣ್ಣು ತುಂಬಿ ಮುಚ್ಚಿದ್ದಾರೆ. ಮೇಲೆ ಬಾಡಿಗೆ ಮನೆಗಳ ಕಟ್ಟಡವಿದೆ. ಮೇಷ್ಟ್ರನ್ನು ಕಣ್ಣಾರೆ ಕಂಡಿದ್ದವರು ನನಗೆ ತಿಳಿದಂತೆ ಈಗ ನಾನೊಬ್ಬನೇ. ಎದುರಿನ ಟೀ ಅಂಗಡಿಯವನು ಆ ತೋಟದ ಮನೆಯವರ ಪೈಕಿಯೇ, ನಡುವಯಸ್ಸಿನವನು. ಇಲ್ಲೊಂದು ಬಾವಿ ಇತ್ತಲ್ಲ ಎಂದು ಕೇಳಿದೆ.

"ಇತ್ತು ಸಾರ್, ಕೊಳ್ಳಿದೆವ್ವದ ಬಾವಿ. ನಮ್ ಮುತ್ತಜ್ಜಿ ಕಾಲದಲ್ಲಿ ಯಾರೋ ಮೇಷ್ಟ್ರೊಬ್ರನ್ನ ಎಳ್ಕೊಂಡು ಹೋಗಿತ್ತಂತೆ."

ಅಮಾವಾಸ್ಯೆಯ ದಿನ ಅವನು ಕತ್ತಲಾಗುವ ಮುಂಚೆ ಅಂಗಡಿ ಮುಚ್ಚುತ್ತಾನೆ.